ರಸ್ತೆಯ ಆ ಬದಿಯ ಅಂಗಳ

ಹಲಗೆ ಜಾರಿತು. ಶವಪೆಟ್ಟಿಗೆಯ ಎಡಮೂಲೆ ವಾಲಿ, ಅದನ್ನು ಹೊತ್ತಿದ್ದ ನೆರೆಮನೆಯ ರೂಬೆನ್ ಮಂಡಿಯೂರಿದ. ಸತ್ತ ಥಿಯೋಲಾ ಮೇಬ್ರಿಯ ಅಂಗಳದಲ್ಲಿ ಪಾಯಿಖಾನೆಯ ನೀರು ಉಕ್ಕಿ ನಿಲ್ಲುತ್ತ ವರ್ಷಗಳೇ ಆಗಿದ್ದವು. ಬಾಗಿಲಿನಿಂದ ರಸ್ತೆಯವರೆಗೆ ಹಾಸಿದ ಹಲಗೆಗಳೇ ದಾರಿ.

ಬೇಲಿಯಾಚೆ ನಿಂತಿದ್ದವನೊಬ್ಬ ಓಡಿಬಂದು ಮೂಲೆಗೆ ಹೆಗಲು ಕೊಟ್ಟ. ಹೊಳೆಯುವ ಬೂಟುಗಳು ಕೊಳಚೆಯಲ್ಲಿ ಹೂತುಹೋದವು. ಶಾಸಕ ಲವಾನ್ ಡಾಬ್ಸ್.

"ಬಿಡೋ, ಇದು ನಿನ್ ಕ್ಷೇತ್ರ ಅಲ್ವಲ್ಲ," ಎಂದ ರೂಬೆನ್. "ರಸ್ತೆ ದಾಟಿ ಯಾಕ್ ಬಂದೆ?"

ಜಗಲಿಯಿಂದ ಸತ್ತವಳ ತಂಗಿ ವರ್ಲೀನ್ ಹೇಳಿದಳು: "ಹೊರ್ಲಿ ಬಿಡು. ಎಷ್ಟು ಭಾರ ಅಂತ ಅವ್ನಿಗೂ ಗೊತ್ತಾಗ್ಲಿ."

*

ಥಿಯೋಲಾ ಶಾಲೆಯ ಅಡುಗೆಮನೆಯಲ್ಲಿ ಬಡಿಸುತ್ತಲೇ ಮುದುಕಿಯಾದವಳು. ಆಗ ಸಣಕಲ ಹುಡುಗನಾಗಿದ್ದ ಲವಾನನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬೀನ್ಸ್ ಬೀಳುತ್ತಿತ್ತು. ಅವನು ಮೊದಲ ಸಲ ಚುನಾವಣೆಗೆ ನಿಂತಾಗ ಊದಿದ ಕಾಲಿನಲ್ಲೇ ಓಟು ಕೇಳುತ್ತ ಮನೆಮನೆ ಹತ್ತಿಳಿದಳು. ಅಲಬಾಮದ ಆ ಮೂಲೆಯಿಂದ ಗೆದ್ದು ಹೋದ ಮೊದಲ ಕಪ್ಪು ಶಾಸಕ ಅವನು.

ಆಮೇಲೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವ ಕಾಲ ಬಂತು. ರಸ್ತೆಯ ಪೂರ್ವದ ಕಪ್ಪುಜನರನ್ನೆಲ್ಲ ಲವಾನನ ಕ್ಷೇತ್ರಕ್ಕೇ ತುಂಬಿದರು; ಅವನು ಇನ್ನೆಂದೂ ಸೋಲುವಂತಿರಲಿಲ್ಲ. ಥಿಯೋಲಾಳ ಮನೆಯಿದ್ದ ಪಶ್ಚಿಮದ ಓಣಿಯನ್ನು ಮಾತ್ರ ದೂರದ ಬಿಳಿಯರ ಬಡಾವಣೆಗೆ ಗಂಟುಹಾಕಿದರು. ಆ ನಕ್ಷೆಯ ಪರವಾಗಿ ಲವಾನ್ ಕೈಯೆತ್ತಿದ.

ಅದನ್ನು ತಾನೇ ಹೇಳಬೇಕೆಂದು ಬಂದಾಗ ಅವಳು ಅಲಸಂದೆ ಸುಲಿಯುತ್ತಿದ್ದಳು.

"ಒಪ್ಪದೇ ಇದ್ದಿದ್ರೆ ನನ್ ಸೀಟೂ ಹೋಗ್ತಿತ್ತು, ಮಿಸ್ ಥಿಯೋಲಾ. ನಮ್ಮೋನು ಒಬ್ಬನಾದ್ರೂ ಒಳಗಿರ್ಬೇಡ್ವಾ?"

"ಇಬ್ರು ಇರ್ಬೋದಿತ್ತಲ್ಲೋ. ನಿನ್ ಕಡೆ ಬೇಕಾದ್ದಕ್ಕಿಂತ ಹೆಚ್ಚು ಜನಾನ ತುರುಕಿದ್ರು, ಉಳಿದೋರ್ನ ಬಿಳಿಯೋರ ಮಧ್ಯೆ ಉದುರ್ಸಿಬಿಟ್ರು. ಎರಡು ಸೀಟಾಗೋ ಕಡೆ ಒಂದಾಯ್ತು."

ಅವನು ಟೋಪಿಯ ಅಂಚು ತಿರುವುತ್ತ ಕೂತ. ಅವಳು ಎದ್ದು ಒಲೆಯ ಕಡೆ ಹೋದಳು.

"ಊಟ ಮಾಡಿದ್ಯಾ?"

ಬೈದಿದ್ದರೆ ಅವನು ಅಲ್ಲೇ ಕೂತಿರುತ್ತಿದ್ದನೇನೋ. ಆ ಮಾತಿಗೆ ಎದ್ದು ಹೊರಟುಬಿಟ್ಟ.

ಒಳಚರಂಡಿಯ ಕೊಳವೆ ಪೂರ್ವದ ಬೀದಿಗಳಲ್ಲೆಲ್ಲ ಹಾದು, ರಸ್ತೆಯ ಅಂಚಿಗೆ ಬಂದು ನಿಂತಿತು. ಬಡಾವಣೆಯ ಶಾಸಕನಿಗೆ ಈ ಓಣಿಯ ಹೆಸರೂ ತಿಳಿದಿರಲಿಲ್ಲ. ಮಳೆ ಜೋರಾದಾಗ ಥಿಯೋಲಾಳ ಸ್ನಾನದ ತೊಟ್ಟಿಯಲ್ಲಿ ಕಪ್ಪುನೀರು ಗುಳುಗುಳು ಎನ್ನುತ್ತ ಏರುತ್ತಿತ್ತು. ಅಂಥ ಸಂಜೆಗಳಲ್ಲಿ ರಸ್ತೆಯ ಆ ಬದಿಗೆ ಒಂದು ಕಾರು ಬಂದು ನಿಲ್ಲುವುದಿತ್ತು. ಯಾರೂ ಇಳಿಯುತ್ತಿರಲಿಲ್ಲ. ಥಿಯೋಲಾ ಜಗಲಿಯ ದೀಪ ಹಾಕಿ ಕಾಯುತ್ತಿದ್ದಳು. ಕಾರು ಹೊರಟುಹೋಗುತ್ತಿತ್ತು.

*

ಮಣ್ಣು ಮಾಡಿ ಬಂದವರು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತರು. ಕರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ. ಲವಾನ್ ಇದ್ದ ಮೇಜಿಗೆ ಯಾರೂ ಹೋಗಲಿಲ್ಲ. ಅವನ ಪ್ಯಾಂಟು ಇನ್ನೂ ನಾರುತ್ತಿತ್ತು. ಕೊನೆಗೆ ವರ್ಲೀನಳೇ ತಟ್ಟೆ ತಂದಿಟ್ಟಳು.

"ತಿನ್ನು."

"ಆಂಟಿ, ವಿಧಾನಸಭೆಲಿ ಓಟಿಗೆ ನನ್ ಹೆಸ್ರು ಕೂಗಿದಾಗ್ಲೆಲ್ಲ ಬೆನ್ನ ಹಿಂದೆ ಮಿಸ್ ಥಿಯೋಲಾ ದನಿ ಕೇಳ್ಸತ್ತೆ."

"ಏನಂತ ಬೈತಾಳೆ?"

"ಬೈಯಲ್ಲ. ಊಟ ಮಾಡಿದ್ಯಾ ಅಂತಾರೆ."

ವರ್ಲೀನ್ ಅವನ ಮುಖವನ್ನೇ ನೋಡಿದಳು. "ಅವ್ಳು ಬದುಕಿದ್ದಾಗ್ಲೇನಾ?"

"ಹೂಂ. ಆಗಿನಿಂದ್ಲೂ."

"ಹಂಗಾದ್ರೆ ಇನ್ಮೇಲೂ ಆ ದನಿ ನಿಲ್ಲಲ್ಲ ಬಿಡು." ಅವಳು ಸೆರಗಿನಂತೆ ಹೊದ್ದಿದ್ದ ಕಪ್ಪು ಶಾಲನ್ನು ಬಿಗಿದುಕೊಂಡಳು. "ಕೋರ್ಟು ನಕ್ಷೆ ಮತ್ತೆ ಬರೀರಿ ಅಂದಿದ್ಯಂತೆ. ನಿನ್ನ ಮತ್ತೆ ಕರೀತಾರೆ, ಮತ್ತೆ ಅದೇ ಸೀಟಿನ ಆಸೆ ತೋರಿಸ್ತಾರೆ. ಆಗ ಏನ್ ಮಾಡ್ತೀ?"

ಅವನು ಪ್ಯಾಂಟಿಗೆ ಮೆತ್ತಿದ್ದ ಕೊಳಚೆಯನ್ನು ಉಗುರಿನಿಂದ ಕೆರೆದ. ವರ್ಲೀನ್ ಅಡುಗೆಮನೆಯ ಕಡೆ ನಡೆದುಬಿಟ್ಟಳು.

ಮೇಲೆ ಚರ್ಚಿನಲ್ಲಿ ಯಾರೋ ಪಿಯಾನೋದ ಮುಚ್ಚಳ ಹಾಕಿದರು. ಲವಾನ್ ಬೆಚ್ಚಿ ಹಿಂತಿರುಗಿ ನೋಡಿದ. ಆಮೇಲೆ ಪಕ್ಕದ ಖಾಲಿ ಕುರ್ಚಿಯನ್ನು ಮೇಜಿನಿಂದ ಚೂರು ಹಿಂದಕ್ಕೆ ಎಳೆದು, ಕಾಲು ಊದಿದ ಮುದುಕಿಯೊಬ್ಬಳು ಕೂರುವಷ್ಟು ಜಾಗ ಮಾಡಿ, ತಟ್ಟೆ ಮುಟ್ಟದೆ ಕೂತ.