ಕಡಲ ಬಣ್ಣದ ಕಲ್ಲು

ಪಕ್ಕದ ಮೇಜಿನ ಹಾಳೆಯ ಮೂಲೆಯಲ್ಲಿ ಮಗಳ ಹೆಸರು ಕಂಡಿತು. ಬೆಳ್ಳಿ ಉಜ್ಜುತ್ತಿದ್ದ ಡಿಲ್ಸಿಯಾಳ ಅರ ಅಲ್ಲೇ ನಿಂತಿತು.

"ಮರಿಯೆಲಿಸ್ ಅಂತ ಬರ್ದಿದೀಯಲ್ಲ, ಯಾವ ಮರಿಯೆಲಿಸ್?"

ಯೊಕಾಸ್ತಾ ಚಿತ್ರ ಬರೆದ ಹಾಳೆಯ ಮೇಲೆ ಅಂಗೈ ಇಟ್ಟಳು. "ನಿಮ್ ಮರಿಯೆಲಿಸ್ಸೇ ಅಕ್ಕ. ಮದುವೆ ಸರ. ಅವಳೇ ನಿಮಗೆ ಹೇಳ್ತೀನಿ ಅಂದಿದ್ಲು."

ಬಾವೊರುಕೋ ಊರಿನ ಆ ಕಡಲಂಚಿನ ಕೆಲಸದ ಕೋಣೆಯಲ್ಲಿ ಡಿಲ್ಸಿಯಾ ಬೆಳ್ಳಿಗೆ ಕಲ್ಲು ಕೂರಿಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಯೊಕಾಸ್ತಾ ಬಂದು ಮೂರು ವರ್ಷ. ಬೆಳ್ಳಿಗೆ ಉರಿ ಹಿಡಿಯುವುದು, ಬೆಸುಗೆ ಹಾಕುವುದು, ಗುಡ್ಡದ ಗಣಿಯಿಂದ ಬರುವ ಲಾರಿಮಾರ್ ಕಲ್ಲಿನ ನೀಲಿಯನ್ನು ನೀರಲ್ಲಿ ಅದ್ದಿ ಪರೀಕ್ಷಿಸುವುದು, ಎಲ್ಲವನ್ನೂ ಅವಳಿಗೆ ಕೈಹಿಡಿದು ಕಲಿಸಿದವಳು ಡಿಲ್ಸಿಯಾಳೇ.

ಸಂಜೆ ಮನೆಯಲ್ಲಿ ಮರಿಯೆಲಿಸ್ ಬಾಳೆಕಾಯಿ ಹುರಿಯುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು.

"ಬೇಜಾರ್ ಮಾಡ್ಕೋಬೇಡಮ್ಮ. ನಿನ್ನ ಸರ ಹಾಕ್ಕೊಂಡ್ರೆ ಚರ್ಚ್ ಗಂಟೇನೇ ಕತ್ತಿಗೆ ಕಟ್ಕೊಂಡ ಹಾಗಿರುತ್ತೆ. ಅವಳದ್ದು ಹಗುರ."

"ಅವಳಿಗೆ ಕೆಲಸ ಕಲಿಸಿದ್ದು ಯಾರಂತೆ?"

"ನೀನೇ. ಅದಕ್ಕೇ ಅವಳ ಹತ್ರ ಹೋದೆ," ಎಂದು ಮಗಳು ನಕ್ಕಳು. ಡಿಲ್ಸಿಯಾ ಊಟ ಮಾಡಲಿಲ್ಲ.

ಮುಂದಿನ ವಾರವಿಡೀ ಅವಳ ಕಣ್ಣು ಪಕ್ಕದ ಮೇಜಿನ ಮೇಲೇ ಇತ್ತು. ಯೊಕಾಸ್ತಾ ಬೆಳ್ಳಿಯ ತಂತಿಯನ್ನು ಕೂದಲಷ್ಟು ತೆಳ್ಳಗೆ ಎಳೆದು, ಅಲೆ ಮರಳಿಗೆ ಬಂದು ಮಡಚಿಕೊಳ್ಳುವ ಹಾಗೆ ಬಗ್ಗಿಸಿದ್ದಳು. ಕಲ್ಲು ಕೂರುವ ಜಾಗ ಮಾತ್ರ ಖಾಲಿ. ಅದರಲ್ಲಿ ತಪ್ಪು ಹುಡುಕಿ ಹುಡುಕಿ ಡಿಲ್ಸಿಯಾ ಸೋತಳು. ಒಂದು ತಪ್ಪಾದರೂ ಸಿಕ್ಕಿದ್ದರೆ ಆ ದಿನ ಅನ್ನ ಇಳಿಯುತ್ತಿತ್ತು.

ಮದುವೆಗೆ ಮೂರು ದಿನ ಇರುವಾಗ ಯೊಕಾಸ್ತಾ ಕಲ್ಲನ್ನು ಆ ಜಾಗದಲ್ಲಿಟ್ಟು ಸರವನ್ನು ಡಿಲ್ಸಿಯಾಳ ಹತ್ತಿರ ತಂದಳು. "ಅಕ್ಕ, ಒಂದ್ಸಲ ನೋಡ್ತೀರಾ? ಕಲ್ಲಿನ ಮೇಲೆ ಅಂಚು ಒತ್ಲಾ?"

ಡಿಲ್ಸಿಯಾ ಕಿಟಕಿಯ ಬೆಳಕಿಗೆ ಹಿಡಿದಳು. ಕಲ್ಲಿನ ಎಡ ತುದಿಯಲ್ಲಿ, ನೀಲಿಯ ಒಳಗೆ, ಒಂದು ಬಿರುಕಿನ ಗೆರೆ. ಇಪ್ಪತ್ತೆರಡು ವರ್ಷ ನೋಡಿದ ಕಣ್ಣಿಗಲ್ಲದೆ ಬೇರೆಯವರಿಗೆ ಕಾಣುವಂಥದ್ದಲ್ಲ.

"ಒತ್ತು," ಎಂದಳು.

ಯೊಕಾಸ್ತಾ ಉಕ್ಕಿನ ಕಡ್ಡಿಯಿಂದ ಬೆಳ್ಳಿಯ ಅಂಚನ್ನು ಕಲ್ಲಿನ ಮೇಲೆ ಮಡಚುತ್ತಾ ಬಂದಳು. ಎಡ ತುದಿಗೆ ಬಂದಾಗ ಬಿಸ್ಕತ್ತು ಮುರಿದಂಥ ಸಣ್ಣ ಸದ್ದಾಯಿತು.

ಸ್ವಲ್ಪ ಹೊತ್ತು ಡಿಲ್ಸಿಯಾಳ ಎದೆ ತಂಪಾದದ್ದು ನಿಜ. ಯೊಕಾಸ್ತಾ ಅಳಲಿಲ್ಲ. ಎರಡು ಚೂರನ್ನೂ ಅಂಗೈಯಲ್ಲಿಟ್ಟುಕೊಂಡು ಕೂತಳು. "ನನ್ ಕೈಯೇ ಸರಿಯಿಲ್ಲ ಅಕ್ಕ. ನೀವು ನೋಡಿ ಹೇಳಿದ ಮೇಲೂ ಮುರಿದೆ ಅಂದ್ರೆ..." ಆಮೇಲೆ ಒಂದೊಂದೇ ಚಿಮುಟ, ಒಂದೊಂದೇ ಅರ ಒರೆಸಿ ಬಟ್ಟೆಯಲ್ಲಿ ಸುತ್ತತೊಡಗಿದಳು. ಕೆಲಸ ಬಿಟ್ಟು ಹೋಗುವವರು ಸುತ್ತುವ ಹಾಗೆ.

ಡಿಲ್ಸಿಯಾ ಎದ್ದು ಮನೆಗೆ ಹೋದಳು. ಹಾಸಿಗೆಯ ಕೆಳಗಿನ ಡಬ್ಬಿಯಲ್ಲಿ, ಬಿಸಿಲು ತಾಗಿ ಬಣ್ಣ ಇಳಿಯದಿರಲೆಂದು ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕಲ್ಲಿತ್ತು. ಮರಿಯೆಲಿಸ್ ಹುಟ್ಟಿದ ವಾರ ಗಂಡ ಗಣಿಯಿಂದ ತಂದದ್ದು. ಮಗಳಿಗೆ ತೋರಿಸದೆಯೇ ಅವಳಿಗೆಂದು ಮೂರು ಸಲ ಅದಕ್ಕೆ ಬೆಳ್ಳಿಯ ಮನೆ ಕಟ್ಟಿದ್ದಳು. ಕಲ್ಲಿನ ಚೆಲುವಿಗೆ ಸರಿಬರಲಿಲ್ಲವೆಂದು ಮೂರು ಸಲವೂ ಕರಗಿಸಿದ್ದಳು.

ಅದನ್ನು ತಂದು ಯೊಕಾಸ್ತಾಳ ಮೇಜಿನ ಮೇಲಿಟ್ಟಳು.

"ಆ ಗೆರೆ ನಂಗೆ ಕಂಡಿತ್ತು ಕಣೇ. ಕಂಡೇ ಒತ್ತು ಅಂದೆ."

ಯೊಕಾಸ್ತಾ ಸುತ್ತುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ನಿಮ್ಮ ಮಗಳ ಮದುವೆ ಸರ ಅದು."

"ಹೂಂ."

"ನಿಮ್ಮನ್ನ ನಂಬಿ ತೋರಿಸ್ದೆ."

"ಹೂಂ."

ಹೊರಗೆ ಯಾರೋ ಮೋಟಾರು ಸೈಕಲ್ಲಿನಲ್ಲಿ ಮೀನು ಮೀನು ಎಂದು ಕೂಗುತ್ತಾ ಹೋದರು. ಯೊಕಾಸ್ತಾ ಕಲ್ಲನ್ನು ಕೈಗೆತ್ತಿಕೊಂಡಳು. "ಇದು ದೊಡ್ಡದಾಯ್ತು. ರಾತ್ರಿ ಹಗಲು ಕೂತು ಹೊಸದಾಗಿ ಕಟ್ತೀನಿ." ಈಗ ಮಾತಿನಲ್ಲಿ ಅಕ್ಕ ಎಂಬ ಪದ ಇರಲಿಲ್ಲ.

"ಬೇಡ. ಕಟ್ಟಿರೋದು ಚೆನ್ನಾಗಿದೆ, ಮುಟ್ಬೇಡ. ಕಲ್ಲನ್ನೇ ನಾನು ಸಾಣೆ ಹಿಡಿದು ಚಿಕ್ಕದು ಮಾಡ್ತೀನಿ."

ಸಾಣೆ ತಿರುಗಿತು. ಇಪ್ಪತ್ತನಾಲ್ಕು ವರ್ಷ ಕಾಪಾಡಿದ ನೀಲಿ ಹಾಲಿನಂಥ ನೀರಾಗಿ ಅವಳ ಮೊಣಕೈವರೆಗೆ ಇಳಿಯಿತು. ಮೂರರಲ್ಲಿ ಒಂದು ಪಾಲು ಹೋದ ಮೇಲೆ ಕಲ್ಲು ಬೆಳ್ಳಿಯ ಅಲೆಯ ನಡುವೆ ಸದ್ದಿಲ್ಲದೆ ಕೂತಿತು. ಅದಕ್ಕೆಂದೇ ಕಟ್ಟಿದಂತಿತ್ತು. ಅದೇ ಡಿಲ್ಸಿಯಾಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮದುವೆಯ ಬೆಳಿಗ್ಗೆ ಯೊಕಾಸ್ತಾ ಬರಲಿಲ್ಲ. ಸರವನ್ನು ಪುಟ್ಟ ಪೆಟ್ಟಿಗೆಯಲ್ಲಿ ಕಳಿಸಿದ್ದಳು. ಮರಿಯೆಲಿಸ್ ಕನ್ನಡಿಯ ಮುಂದೆ ಕೂತು ಕೂದಲನ್ನು ಮೇಲಕ್ಕೆತ್ತಿ ಹಿಡಿದಳು.

"ಎಂಥಾ ನೀಲಿ ನೋಡಮ್ಮ! ಎಲ್ಲಿಂದ ಹುಡುಕಿದ್ಲೋ! ಬೇಗ ಹಾಕು, ಕೈ ನೋಯ್ತಿದೆ."

ಕೊಂಡಿಯ ಬೆನ್ನಿಗೆ ೯೨೫ ಎಂದು ಬೆಳ್ಳಿಯ ಶುದ್ಧತೆಯ ಮುದ್ರೆ. ಅದರ ಪಕ್ಕದಲ್ಲಿ ಯೊಕಾಸ್ತಾಳ ಹೆಸರಿನ ಒಂದೇ ಒಂದು ಅಕ್ಷರ. ಡಿಲ್ಸಿಯಾಳ ಹೆಬ್ಬೆರಳು ಅದರ ಮೇಲೆ ತುಸು ನಿಂತಿತು. ಕೊಂಡಿಯಲ್ಲಿ ಮಗಳ ಒಂದು ಕೂದಲೆಳೆ ಸಿಕ್ಕಿಕೊಂಡಿತ್ತು. ಅದನ್ನು ನೋವಾಗದಂತೆ ಬಿಡಿಸಿ, ಕೊಂಡಿ ಹಾಕಿದಳು.