ಸೂರಕ್ಕಿ ಮುಟ್ಟಿದ ಹೂವು

ಕಾಶಿಯ ಜಂಗಮವಾಡಿಯ ಗಲ್ಲಿಯೊಳಗೆ, ಮಠದ ಹಿಂದುಗಡೆ, ಮರುಳಸಿದ್ದಯ್ಯನವರ ಮನೆ. ಅಂಗಳದಲ್ಲಿ ನಾಲ್ಕು ದಾಸವಾಳ, ಒಂದು ಬಿಲ್ವ. ಎಪ್ಪತ್ನಾಲ್ಕನೆಯ ಇಸವಿಯ ಚಳಿಗಾಲದಲ್ಲಿ ಅವರ ಹೆಂಡತಿ ಜಗದಾಂಬಳ ಎಡಮೈ ಬಿದ್ದುಹೋಯಿತು. ಅಂದಿನಿಂದ ಪಡಸಾಲೆಯ ಮಂಚವೇ ಅವಳಿಗೆ ಕಾಶಿ.

ಫಾಲ್ಗುಣದಲ್ಲಿ ಅವಳು ಕೇಳಿದ್ದು ಒಂದೇ. "ಕೂಡ್ಲಿಗಿಯಲ್ಲಿ ನಮ್ಮಪ್ಪನ ಹಿತ್ತಲಿಗೆ ಸೂರಕ್ಕಿ ಬರ್ತಿತ್ತು ನೋಡ್ರಿ. ಹೆಬ್ಬೆರಳಷ್ಟು ಹಕ್ಕಿ. ಕರೀ ಮೈ ಬಿಸಿಲು ಬಿದ್ರೆ ನೀಲಿ ಆಗೋದು. ಅದನ್ನೊಮ್ಮೆ ಕಣ್ತುಂಬ ಕಂಡು ಹೋಗ್ತೀನಿ."

ಅಯ್ಯನವರು ಸೋನಾರ್‌ಪುರದ ಅಂಗಡಿಯಿಂದ ಸಜ್ಜೆ ತಂದು ಚೆಲ್ಲಿದರು, ಕುಡಿಕೆಯಲ್ಲಿ ನೀರಿಟ್ಟರು. ಗುಬ್ಬಿ ಬಂದವು. ಗೊರವಂಕಗಳು ಬಂದು ಜಗಳಾಡಿದವು. ಕೋತಿ ಬಂದು ಕುಡಿಕೆ ಒಡೆಯಿತು.

"ಕೋತಿ ತೋರ್ಸೋಕೆ ಇಷ್ಟು ದೂರ ಕರ್ಕೊಂಬಂದ್ರಾ?" ಎಂದಳು ಜಗದಾಂಬ.

ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವ ಧಾರವಾಡದ ಜಯತೀರ್ಥರು ಕನ್ನಡ ಆಡಲಿಕ್ಕೆಂದೇ ಭಾನುವಾರ ಬರುತ್ತಿದ್ದರು. ಅಂಗಳ ಒಂದು ಸುತ್ತು ನೋಡಿ, "ಹೂವೆಲ್ಲಿ ಅಯ್ಯನವರೆ?" ಎಂದರು.

"ಪೂಜೆಗಾದವು. ನಸುಕಿನಲ್ಲೇ ಎಲ್ಲಾ ಬಿಡಿಸ್ತೀನಿ. ಹಕ್ಕಿ, ಹುಳ ಬಾಯಿಟ್ಟದ್ದು ಲಿಂಗಕ್ಕಾಗೋದಿಲ್ಲ. ನಲವತ್ತು ವರ್ಷದಲ್ಲಿ ಒಂದೂ ಎಂಜಲು ಹೂ ಏರಿಸಿಲ್ಲ."

"ಸೂರಕ್ಕಿಗೆ ಕಾಳು ಬೇಡ್ರಿ, ಹೂವಿನ ಜೇನು ಬೇಕು. ಅದು ಏಳೋದ್ರೊಳಗೆ ಅದರ ಅಡಿಗೆಮನೆ ಬರಿದು ಮಾಡಿ, ಊಟಕ್ಕೆ ಬಾ ಅಂದ್ರೆ?"



ಮರುದಿನದಿಂದ ಅಯ್ಯನವರು ಬಿಡಿಸಿದ್ದು ಒಂದೇ ಹೂ. ಉಳಿದವು ಗಿಡದಲ್ಲೇ ಕೆಂಪಾಗಿ ಅರಳಿದವು. ಒಂದು ದಿನ, ಎರಡು ದಿನ, ಮೂರು ದಿನ. ಹಕ್ಕಿ ಇಲ್ಲ. ದೇವರಿಗೂ ಕಡಿಮೆ ಮಾಡಿದೆ, ಇವಳಿಗೂ ಕೊಡಲಾರದೆ ಹೋದೆ ಎಂದು ಅವರ ಜೀವ ಹಿಂಡಿತು.

ನಾಲ್ಕನೆಯ ಬೆಳಗು ಅವಳ ಮಂಚದ ಪಕ್ಕದಲ್ಲೇ ಪೂಜೆಗೆ ಕೂತರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ಆ ಒಂದು ದಾಸವಾಳ. ವಯಸ್ಸಾದ ಕೈ, ಸಣ್ಣಗೆ ನಡುಗುತ್ತಿತ್ತು.

ಗಿಡದಲ್ಲಿ ಚುಯ್ ಎಂದಿತು. ಕರೀ ಹನಿಯಂಥದ್ದೊಂದು ಹೂವಿನಿಂದ ಹೂವಿಗೆ ಹೋಗಿ, ಎಲ್ಲವನ್ನೂ ವಿಚಾರಿಸಿಕೊಂಡು, ಪಡಸಾಲೆಯೊಳಕ್ಕೇ ಬಂತು.

"ಅಲ್ಲಾಡಬೇಡ್ರಿ," ಜಗದಾಂಬ ಉಸಿರಿನಲ್ಲೇ ಅಂದಳು.

ಸೂರಕ್ಕಿ ಅಯ್ಯನವರ ಬೆರಳ ತುದಿಯ ಮೇಲೆ ಕೂತಿತು. ಭಾರವೇ ಇಲ್ಲ, ಉಗುರಿನ ಚುಚ್ಚು ಮಾತ್ರ. ಬಿಸಿಲು ತಾಕಿ ಅದರ ಕೊರಳು ನೀಲಿಯಾಯಿತು, ನೇರಳೆಯಾಯಿತು. ಲಿಂಗದ ಮೇಲಿನ ಹೂವಿಗೆ ಬಾಗಿದ ಕೊಕ್ಕಿಟ್ಟು ಕುಡಿಯಿತು. ಮಂತ್ರ ಅರ್ಧಕ್ಕೆ ನಿಂತಿತ್ತು. ಕೈಯ ನಡುಕವೂ ನಿಂತಿತ್ತು.

ಅದು ಹಾರಿಹೋದ ಮೇಲೂ ಅಯ್ಯನವರು ಕೈ ಹಿಡಿದೇ ಇದ್ದರು. ಆ ಅಂಗೈಗೆ ನಲವತ್ತು ವರ್ಷ ಎಷ್ಟೋ ಏರಿಸಿದ್ದರು; ಬಂದು ಉಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದು ಇಂದೇ.

"ಹೂವು ಎಂಜಲಾಯ್ತಲ್ರಿ," ಎಂದಳು ಜಗದಾಂಬ, ಒದ್ದೆ ಕಣ್ಣಲ್ಲಿ ನಗುತ್ತ. "ಈಗೇನು ಮಾಡ್ತೀರಿ?"

ಅಯ್ಯನವರು ಹೂವನ್ನು ತೆಗೆಯಲಿಲ್ಲ. ನಿಂತ ಮಂತ್ರವನ್ನು ನಿಂತಲ್ಲಿಂದಲೇ ಎತ್ತಿಕೊಂಡು ಪೂಜೆ ಮುಗಿಸಿದರು. ಆಮೇಲೆ ಆ ಹೂವನ್ನು ಕಣ್ಣಿಗೊತ್ತಿಕೊಂಡು, ಪ್ರಸಾದವೆಂದು ಅವಳ ಬಲಗೈಯಲ್ಲಿಟ್ಟರು.