ತಿಳಿಯಾದ ಕೊಳ

ಕೊಳದವಳ ಬಳಿ ಗಾಳಿಯಂತ್ರ ಇರಲಿಲ್ಲ. ಬೇರೆ ಮೀನುಸಾಕಣೆಗಳಲ್ಲಿ ಮೋಟಾರಿನ ಚಕ್ರ ತಿರುಗಿ ನೀರಿಗೆ ಗಾಳಿ ಸೇರಿಸುತ್ತಿತ್ತು. ಇಲ್ಲಿ ಆ ಕೆಲಸ ಪಾಚಿಯದು. ಹಗಲೆಲ್ಲ ಬಿಸಿಲು ಕುಡಿದು ಅದು ನೀರಿಗೆ ಉಸಿರು ತುಂಬುತ್ತಿತ್ತು. ಪಾಚಿಯನ್ನು ಹುಳು ತಿಂದು, ಹುಳುವನ್ನು ಮರಿಮೀನು ತಿಂದು, ಕೊಳ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಪಾಚಿ ಅತಿಯಾದರೆ ಅದನ್ನು ಕೊಲ್ಲುವ ಮೈಲುತುತ್ತದ ಪುಡಿ ಎರಚಬೇಕು. ಅದಕ್ಕೆ ಅಪ್ಪ ಕಲಿಸಿದ ಕಟ್ಟಳೆಯಿತ್ತು: ಒಂದು ಸಲಕ್ಕೆ ಒಂದೇ ಮೂಲೆ, ನಡುವೆ ಎಂಟು ದಿನ.

ಒಂಬತ್ತು ವರ್ಷ ಆರಿಸಿ ಆರಿಸಿ ಬೆಳೆಸಿದ ತಾಯಿಮೀನುಗಳು, ಮರಿ ಮಾಡಿಸುವ ಹೆಣ್ಣುಗಂಡುಗಳು, ಅಲ್ಲಿದ್ದವು. ಗುರುವಾರ ಮೀನುಗಾರಿಕೆ ಇಲಾಖೆಯ ತಪಾಸಣೆಯವರು ಬಂದು ಒಪ್ಪಿದರೆ ಸುತ್ತಲಿನ ಕೆರೆಗಳಿಗೆಲ್ಲ ಇವುಗಳ ಮರಿಗಳೇ ಹೋಗುವುದಿತ್ತು.

ಸೋಮವಾರ ಅಕ್ಕನ ಗಂಡ ದಂಡೆಯ ಮೇಲೆ ನಿಂತು ಮೂಗು ಮುರಿದ. "ಏನಮ್ಮ ಇದು, ಬಣ್ಣದ ಡಬ್ಬ ಚೆಲ್ಲಿದ ಹಾಗಿದೆ. ಮೀನು ಹುಡುಕೋಕೆ ಅವ್ರು ಮುಳುಗು ಹಾಕ್ಬೇಕಾ?"

"ಒಂದೊಂದೇ ಮೂಲೆ ತೆಗೀಬೇಕು ಭಾವ."

"ಮೂಲೆ ಮೂಲೆ ಅಂತ ಕೂತ್ರೆ ಮುಂದಿನ ವರ್ಷ ಆಗತ್ತೆ. ಅವ್ರು ಬರೋದು ಗುರುವಾರ."

ಅವಳು ಅಂದೇ ನಾಲ್ಕು ಮೂಲೆಗೂ ಪುಡಿ ಎರಚಿದಳು.

ಮಂಗಳವಾರ ಸಂಜೆಗೆ ನೀರು ಕನ್ನಡಿಯಂತಾಯಿತು. ತಳದ ಕಲ್ಲು ಕಾಣುತ್ತಿತ್ತು, ತಾಯಿಮೀನುಗಳ ಬೆನ್ನು ಕಾಣುತ್ತಿತ್ತು. ಇಷ್ಟು ದಪ್ಪಗಿವೆಯೆಂದು ಅವಳಿಗೇ ಗೊತ್ತಿರಲಿಲ್ಲ. ಅಕ್ಕನನ್ನು ಕರೆದು ತೋರಿಸಿದಳು.

ಸತ್ತ ಪಾಚಿ ತಳಕ್ಕಿಳಿದು ಕೊಳೆಯತೊಡಗಿತು. ಕೊಳೆಯುತ್ತ ನೀರಿನಲ್ಲಿದ್ದ ಉಸಿರನ್ನೂ ಎಳೆದುಕೊಂಡಿತು. ಹೊಸದಾಗಿ ಕೊಡುವ ಹಸಿರು ಉಳಿದಿರಲಿಲ್ಲ. ಬುಧವಾರ ಮೋಡ ಕವಿದೇ ಇತ್ತು.

ಗುರುವಾರ ಬೆಳಗ್ಗೆ ಅವಳು ಬರುವಾಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು. ಅಕ್ಕತಂಗಿಯರು ಎದೆಮಟ್ಟ ನೀರಿಗಿಳಿದು ಬಕೆಟ್ಟಿನಲ್ಲಿ ನೀರೆತ್ತಿ ಸುರಿದರು, ಹಲಗೆಯಿಂದ ಬಡಿದರು. ತೋಳು ಸೋತು ಮೇಲಕ್ಕೆ ಏಳದಾಯಿತು. ದೊಡ್ಡ ಒಡಲಿಗೆ ಹೆಚ್ಚು ಉಸಿರು ಬೇಕು. ದೊಡ್ಡವೇ ಮೊದಲು ಮಗ್ಗುಲಾದವು.

ಅವಳು ಸೆರಗು ಹಿಂಡಿ ಸಿಕ್ಕಿಸಿಕೊಂಡಳು. ಸತ್ತವನ್ನು ಬುಟ್ಟಿಯಲ್ಲಿ ತಂದು ದಂಡೆಯ ಮೇಲೆ ಸಾಲಾಗಿ ಜೋಡಿಸಿದಳು, ಹೆಣ್ಣು ಒಂದು ಕಡೆ, ಗಂಡು ಒಂದು ಕಡೆ.

"ಒಂದೂ ಉಳೀಲಿಲ್ವಾ?" ಎಂದ ಭಾವ.

"ಸಣ್ಣವು ಇವೆ."

"ಅವನ್ನೇ ತೋರಿಸಿದ್ರೆ?"

"ಅವು ಮೊಟ್ಟೆ ಇಡೋಕೆ ಇನ್ನೂ ಎರಡು ವರ್ಷ ಬೇಕು ಭಾವ. ಸ್ವಲ್ಪ ಆ ಕಡೆ ನಿಲ್ಲಿ, ಬಾಲ ತುಳೀತಿದೀರಿ."

ಅವನು ಸರಿದು ನಿಂತ. ಹತ್ತು ಗಂಟೆಗೆ ತಪಾಸಣೆಯವರ ಜೀಪು ಬಂತು. ಇಳಿದವನು ಸಾಲುಗಳನ್ನು ನೋಡಿ, ಫೈಲು ಬಿಚ್ಚದೆ, ಎಷ್ಟು ಎಂದು ಕೇಳಿದ. ಅವಳು ಎಣಿಸಿಯಾಗಿತ್ತು. ಹೆಣ್ಣು ನಲವತ್ಮೂರು, ಗಂಡು ಇಪ್ಪತ್ತಾರು.